ದಿನಕ್ಕೆ ಹತ್ತು ರೂಪಾಯಿ, ಒಂದು ಕಾಗದಕ್ಕೆ ಎರಡು ಲಕ್ಷ

ವರ್ಷಕ್ಕೆ 3,000 ರೂಪಾಯಿ. ಮನೆಯಿಂದಲೇ ಓಡಾಡಿಕೊಂಡು ಬಿ.ಎ., ಬಿ.ಎಸ್ಸಿ. ಅಥವಾ ಬಿ.ಕಾಂ. ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ನಿಗದಿಯಾಗಿರುವ ಶೈಕ್ಷಣಿಕ ಭತ್ಯೆ ಇಷ್ಟು. ಓದಿನ ವರ್ಷಕ್ಕೆ 10 ತಿಂಗಳು, 300 ದಿನ ಎಂದು ಹಿಡಿದರೆ ದಿನಕ್ಕೆ 10 ರೂಪಾಯಿ. ಕಾಲೇಜಿನ ಶುಲ್ಕ ಇದರಲ್ಲಿ ಸೇರಿಲ್ಲ, ಅದು ಬೇರೆಯಾಗಿ ಬರುತ್ತದೆ. ಪುಸ್ತಕ, ಪೆನ್ನು, ಬಸ್ಸು, ಮಧ್ಯಾಹ್ನದ ಊಟ, ಎಲ್ಲವೂ ಈ ಹತ್ತರಲ್ಲಿ ಆಗಬೇಕು.

ಈ 3,000 ಕೈಗೆ ಬರಬೇಕಾದರೆ ಮೊದಲ ವರ್ಷ ಎಷ್ಟು ಖರ್ಚಾಗುತ್ತದೆ? ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಪ್ರತಿವರ್ಷ ಸ್ಕಾಲರ್‌ಶಿಪ್ ಅರ್ಜಿಗಳ ಮೇಜಿನ ಹಿಂದೆ ಕೂತ ಅನುಭವದಿಂದ ಈ ಲೆಕ್ಕ ಬರೆಯುತ್ತಿದ್ದೇನೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಒಂದು ದಿನ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಒಂದು ದಿನ. ಖಾತೆಗೆ ಆಧಾರ್ ಜೋಡಿಸಲು ಬ್ಯಾಂಕಿಗೆ ಒಂದು ದಿನ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿ ಕಾಲೇಜಿಗೆ ಕೊಡಲು ಇನ್ನೊಂದು ದಿನ. ಮಗನ ಜೊತೆ ಅಪ್ಪ ಈ ನಾಲ್ಕು ದಿನ ಬಂದರೆ ಅವನ ಕೂಲಿ ಹೋಯಿತು. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ನಾಲ್ಕು ದಿನಕ್ಕೆ 1,480. ಇಬ್ಬರ ಬಸ್ ಚಾರ್ಜು ಸಲಕ್ಕೆ ನೂರರಂತೆ 400. ಆಧಾರ್ ತಿದ್ದುಪಡಿಗೆ 75. 2025ರ ಅಕ್ಟೋಬರಿಗೆ ಮುಂಚೆ ಅದು 50 ಇತ್ತು. ಜೆರಾಕ್ಸ್, ಫೋಟೊ, ಸೈಬರಿನವರ ಕೂಲಿ ಸೇರಿ 300 ಎನ್ನೋಣ. ಒಟ್ಟು 2,255 ರೂಪಾಯಿ. ಭತ್ಯೆಯಲ್ಲಿ ಉಳಿದದ್ದು 745, ಅಂದರೆ ದಿನಕ್ಕೆ ಎರಡೂವರೆ ರೂಪಾಯಿ.

ಅಮ್ಮ ಮಗಳು ಓಡಾಡಿದ್ದರೆ ಶಕ್ತಿ ಯೋಜನೆಯಿಂದ ಬಸ್ಸಿನ 400 ಉಳಿಯುತ್ತಿತ್ತು. ಎಲ್ಲ ಕಾಗದವೂ ಮೊದಲೇ ಸರಿಯಾಗಿದ್ದರೆ ಮೂರು ದಿನದ ಕೂಲಿಯೂ ಉಳಿಯುತ್ತಿತ್ತು. ಅರ್ಜಿಯ ವಿಚಾರದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಸರ್ಕಾರ ಕೊಡುವ ಮೊತ್ತ ಎಷ್ಟು ಮುಖ್ಯವೋ, ಅದು ಯಾವಾಗ ಬರುತ್ತದೆ, ಅದಕ್ಕಾಗಿ ಎಷ್ಟು ದಿನ ಸುಡುತ್ತದೆ ಎನ್ನುವುದೂ ಅಷ್ಟೇ ಮುಖ್ಯ. ಬಡವರ ಮನೆಯಲ್ಲಿ ದಿನಕ್ಕೂ ಬೆಲೆಯಿದೆ.

ಹಿಂದೆ ನಮ್ಮಲ್ಲಿ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆಯ ಊಟದ ಮೇಲೆ ಓದಿದವರು ಹಳೆಯ ಮೈಸೂರಿನಲ್ಲಿ ಬಹಳ ಜನ. ಅದಕ್ಕೆ ಅರ್ಜಿ ಬೇಕಿರಲಿಲ್ಲ, ಆದರೆ ಜಾತಿ ಬೇಕಿತ್ತು. ಯಾವ ಹುಡುಗನಿಗೆ ಆ ಏಳು ಮನೆಗಳ ಬಾಗಿಲೂ ತೆರೆಯುತ್ತಿರಲಿಲ್ಲವೋ ಅವನಿಗೆ ಮಠದ ಇಲ್ಲವೇ ಸಮುದಾಯದ ಹಾಸ್ಟೆಲೇ ಗತಿಯಾಗಿತ್ತು, ಅದೂ ಇಲ್ಲದಿದ್ದರೆ ಓದೇ ಇಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವೇತನ ಈ ದೇಶದಲ್ಲಿ ಜಾರಿಯಾದದ್ದು 1944ರಲ್ಲಿ. ಆಗ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ಅವರು, 1913ರಲ್ಲಿ ಬರೋಡದ ಗಾಯಕವಾಡರು ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷಕ್ಕೆ ಕೊಟ್ಟ ವೇತನದಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಓದಿದವರು. ಸ್ಕಾಲರ್‌ಶಿಪ್ ಎಂದರೆ ದಾನವಲ್ಲ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಈ ಎರಡು ಇಸವಿಗಳನ್ನು ಹೇಳುತ್ತೇನೆ.

ಈಗಿನ ದರಕ್ಕೆ ಬರೋಣ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಈ ಯೋಜನೆಗೆ ಐದು ವರ್ಷಕ್ಕೆ 59,048 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಗುರಿ 4 ಕೋಟಿ ವಿದ್ಯಾರ್ಥಿಗಳು. ಬರೀ ಭಾಗಾಕಾರ ಮಾಡಿದರೆ ತಲಾ 14,762 ರೂಪಾಯಿ. ಭತ್ಯೆಗೆ ಕೋರ್ಸುಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಪದವಿಗಳ ಮೊದಲ ಗುಂಪಿಗೆ ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 13,500, ಮನೆಯಿಂದ ಬರುವವರಿಗೆ 7,000. ಇತರ ವೃತ್ತಿಪರ ಕೋರ್ಸಿಗೆ 9,500 ಮತ್ತು 6,500. ಸಾಮಾನ್ಯ ಪದವಿ, ಸ್ನಾತಕೋತ್ತರಕ್ಕೆ 6,000 ಮತ್ತು 3,000. ಪಿಯುಸಿಯಂಥ ಪದವಿಗೆ ಕೆಳಗಿನ ಓದಿಗೆ 4,000 ಮತ್ತು 2,500. ಅಂಗವಿಕಲ ವಿದ್ಯಾರ್ಥಿಗೆ ಇದರ ಮೇಲೆ ಶೇ 10 ಹೆಚ್ಚು. ಹಿಂದುಳಿದ ವರ್ಗದವರಿಗೆ ಕೇಂದ್ರದ ಪಿಎಂ-ಯಶಸ್ವಿ ಯೋಜನೆಯಲ್ಲಿ ಕೋರ್ಸಿಗೆ ತಕ್ಕಂತೆ 5,000ದಿಂದ 20,000ದವರೆಗೆ ಇದೆ.

ನನ್ನನ್ನು ಹೆಚ್ಚು ಕಾಡುವುದು ಪರಿಶಿಷ್ಟ ಜಾತಿಯ ಯೋಜನೆಯ ಆದಾಯ ಮಿತಿ. ಮನೆಯ ವಾರ್ಷಿಕ ಆದಾಯ 2.5 ಲಕ್ಷ ಮೀರಬಾರದು. ಈ ಮಿತಿ ಬಂದದ್ದು 2013-14ರಲ್ಲಿ; 2021ರ ಹೊಸ ಮಾರ್ಗಸೂಚಿಯೂ ಅದನ್ನೇ ಉಳಿಸಿಕೊಂಡಿತು. 2013-14ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 174 ರೂಪಾಯಿ. ಆ ದರದಲ್ಲಿ ಗಂಡ ಹೆಂಡತಿ ಇಬ್ಬರೂ ವರ್ಷದ 365 ದಿನ ರಜೆಯಿಲ್ಲದೆ ದುಡಿದರೂ 1,27,020 ರೂಪಾಯಿ. ಮಿತಿಯ ಅರ್ಧಕ್ಕಿಂತ ಚೂರು ಮೇಲೆ. 2025-26ರಲ್ಲಿ ಕೂಲಿ 370. ಅದೇ ಗಂಡ ಹೆಂಡತಿ ತಲಾ 338 ದಿನ ದುಡಿದರೆ 2,50,120 ರೂಪಾಯಿ. ಮಿತಿ ದಾಟಿತು, ಮಗಳ ಹೆಸರು ಪಟ್ಟಿಯಿಂದ ಹೊರಗೆ. ಮನೆ ಅದೇ, ಕೆಲಸ ಅದೇ, ತಟ್ಟೆಯಲ್ಲಿರುವ ಮುದ್ದೆಯೂ ಅದೇ. ಕೂಲಿ ಎರಡು ಪಟ್ಟಿಗಿಂತ ಮೇಲಕ್ಕೆ ಹೋದರೂ ಮಿತಿಯನ್ನು ಕದಲಿಸದೆ ಇಟ್ಟಿರುವುದು ಅನ್ಯಾಯ. ಅದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಬರುವುದಿಲ್ಲ.

ವಿದ್ಯಾಸಿರಿಯದ್ದೂ ಇಂಥದ್ದೇ ಕಥೆ. ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ರಾಜ್ಯ ಸರ್ಕಾರ 2013-14ರಲ್ಲಿ ತಂದ ಯೋಜನೆ ಇದು. ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000. ದಿನಕ್ಕೆ 50 ರೂಪಾಯಿ. ಯೋಜನೆ ಬಹಳ ಒಳ್ಳೆಯದು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬಂದು, ರೂಮು ಮಾಡಿಕೊಂಡು ಓದಿ, ಮನೆಯಲ್ಲಿ ಮೊದಲ ಪದವೀಧರರಾದ ಎಷ್ಟೋ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹತ್ತು ವರ್ಷ ಕಳೆದು 2023-24 ಬಂದಾಗಲೂ ಮೊತ್ತ ಅದೇ 1,500 ಇತ್ತು. ಬೆಲೆಯೇರಿಕೆ ವರ್ಷಕ್ಕೆ ಶೇ 5 ಎಂದು ಹಿಡಿದರೂ, ಆಗ 1,500ಕ್ಕೆ ಬರುತ್ತಿದ್ದ ಸಾಮಾನಿಗೆ ಹತ್ತು ವರ್ಷದ ಮೇಲೆ 2,443 ರೂಪಾಯಿ ಬೇಕು. ಕೊರತೆ ತಿಂಗಳಿಗೆ 943.

ಲೆಕ್ಕಕ್ಕೆಂದು ಒಬ್ಬ ಹುಡುಗಿಯನ್ನು ಇಟ್ಟುಕೊಳ್ಳೋಣ. ಶಿರಾ ತಾಲ್ಲೂಕಿನ ಹಳ್ಳಿಯವಳು, ತುಮಕೂರಿನಲ್ಲಿ ಬಿ.ಎಸ್ಸಿ., ಮೂವರು ಗೆಳತಿಯರೊಂದಿಗೆ ರೂಮು. ಅವಳ ಪಾಲಿನ ಬಾಡಿಗೆ ತಿಂಗಳಿಗೆ 1,500. ತಾವೇ ಅಡುಗೆ ಮಾಡಿಕೊಂಡರೆ ಅಕ್ಕಿ, ಬೇಳೆ, ಗ್ಯಾಸು, ತರಕಾರಿ 2,000. ರಾಗಿಹಿಟ್ಟು ಊರಿಂದ ಬರುತ್ತದೆ. ಹತ್ತು ತಿಂಗಳಿಗೆ 35,000. ಪುಸ್ತಕ, ರೆಕಾರ್ಡು, ಪರೀಕ್ಷಾ ಶುಲ್ಕ, ಫೋನಿನ ರೀಚಾರ್ಜು ಸೇರಿ 6,000. ಒಟ್ಟು 41,000. ಇವು ನಾನು ಕೈ ಬಿಗಿಹಿಡಿದು ಹಾಕಿದ ಅಂಕಿಗಳು. ನಿಮ್ಮ ಊರಿನ ಬಾಡಿಗೆ ಹಾಕಿ ನೀವೇ ಕೂಡಿ ನೋಡಬಹುದು. ವಿದ್ಯಾಸಿರಿಯ 15,000 ಬಂದರೆ ಉಳಿದದ್ದು 26,000. ಅದು ಅವಳ ಅಮ್ಮನ 70 ದಿನದ ಕೂಲಿ.

ಆ 15,000 ಯಾವಾಗ ಬರುತ್ತದೆ ಎನ್ನುವುದು ಮುಂದಿನ ಪ್ರಶ್ನೆ. ರೂಮಿನ ಅಡ್ವಾನ್ಸು, ಕಾಲೇಜಿನ ಶುಲ್ಕ, ಪುಸ್ತಕ ಎಲ್ಲವೂ ಸೇರುವ ತಿಂಗಳಲ್ಲೇ ಆಗಬೇಕು. ಅರ್ಜಿ ಕರೆಯುವುದು ತರಗತಿ ಶುರುವಾದ ಮೇಲೆ. ಕೊನೆಯ ದಿನಾಂಕ ಮುಂದಕ್ಕೆ ಹೋಗುವುದು ಮಾಮೂಲು, ಪರಿಶೀಲನೆ ಅದರ ಹಿಂದೆ. ಹಣ ಬರುವ ಹೊತ್ತಿಗೆ ವರ್ಷದ ಪಾಠ ಮುಗಿಯುತ್ತ ಬಂದಿರುತ್ತದೆ. ಅಲ್ಲಿಯವರೆಗೆ ಮನೆಯವರು ಕೈಸಾಲ ಮಾಡುತ್ತಾರೆ. ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ 15,000ಕ್ಕೆ ತಿಂಗಳಿಗೆ 450. ಎಂಟು ತಿಂಗಳಿಗೆ 3,600. ಹದಿನೈದು ಸಾವಿರದ ಸ್ಕಾಲರ್‌ಶಿಪ್ಪು ಹೀಗೆ 11,400ಕ್ಕೆ ಇಳಿಯುತ್ತದೆ. ಒಂದು ರೂಪಾಯಿಯನ್ನೂ ಹೆಚ್ಚಿಸದೆ, ಮೊದಲ ಕಂತನ್ನು ಕಾಲೇಜು ಸೇರಿದ ತಿಂಗಳಲ್ಲೇ ಹಾಕಿದರೂ ಸರ್ಕಾರ ಈ 3,600ರಲ್ಲಿ ಒಂದು ಪಾಲನ್ನಾದರೂ ಮಕ್ಕಳಿಗೆ ಉಳಿಸಿಕೊಡಬಹುದು. ಪರಿಶಿಷ್ಟ ಜಾತಿಯ ಯೋಜನೆಯ 2021ರ ಮಾರ್ಗಸೂಚಿಯಲ್ಲಿ ಮುಂಗಡ ಶುಲ್ಕ ಕಟ್ಟದೆ ಕಾಲೇಜು ಸೇರಲು ಫ್ರೀಶಿಪ್ ಕಾರ್ಡಿನ ಅವಕಾಶ ಇಟ್ಟಿರುವುದೂ ಈ ತೊಂದರೆಯನ್ನು ಕಂಡೇ. ಹಾಗೊಂದು ಕಾರ್ಡಿದೆ ಎಂದು ಹೇಳಿದಾಗ ಕಣ್ಣರಳಿಸಿದ ತಂದೆ ತಾಯಿಗಳೇ ನನಗೆ ಹೆಚ್ಚು ಸಿಕ್ಕಿದ್ದಾರೆ.

ಇನ್ನು ತಪ್ಪಿ ಹೋಗುವ ಹಣದ ವಿಷಯ. ಕರ್ನಾಟಕದಲ್ಲಿ ಹೆಚ್ಚಿನ ಇಲಾಖೆಗಳ ವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಮಕ್ಕಳ ಬಾಯಲ್ಲಿ ಎಸ್‌ಎಸ್‌ಪಿ, ಒಂದೇ ಬಾಗಿಲು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದರೆ ವಿವರ ತಾನೇ ಬರುತ್ತದೆ. ಅಂಕಪಟ್ಟಿಯಂಥ ದಾಖಲೆಗಳಿಗೆ ಇ-ದೃಢೀಕರಣ ಮಾಡಿಸಬೇಕು. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಇದರಲ್ಲಿ ಎಡವುವ ಜಾಗಗಳು ನನಗೆ ಈಗ ಬಾಯಿಪಾಠ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ; ಹೈಸ್ಕೂಲಿನಲ್ಲಿ ಮಾಡಿಸಿದ್ದು ಪದವಿಯ ನಡುವೆ ಮುಗಿದಿರುತ್ತದೆ. ಖಾತೆಯಲ್ಲಿ ವರ್ಷಗಟ್ಟಲೆ ವಹಿವಾಟಿಲ್ಲದೆ ಬ್ಯಾಂಕಿನವರು ಅದನ್ನು ನಿಲ್ಲಿಸಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಆಧಾರ್ ಜೋಡಣೆ. ಒಮ್ಮೆ ಅಂತಿಮ ವರ್ಷದ ಹುಡುಗನೊಬ್ಬ ಬಂದು, “ಸರ್, ಸ್ಟೇಟಸ್‌ನಲ್ಲಿ ಹಣ ಜಮಾ ಅಂತಿದೆ, ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ” ಎಂದ. ಎರಡು ವಾರ ಹುಡುಕಿದೆವು. ಪಿಯುಸಿ ರಜೆಯಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಸಂಬಳಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆಸಿದ್ದರು. ಆಧಾರ್ ಆ ಖಾತೆಗೆ ಹೋಗಿ ಕೂತಿತ್ತು. ಖಾತೆ ಎಷ್ಟೇ ಇರಲಿ, ಕೊನೆಯದಾಗಿ ಯಾವುದಕ್ಕೆ ಜೋಡಣೆಯಾಯಿತೋ ಸರ್ಕಾರದ ಹಣ ಅಲ್ಲಿಗೇ ಹೋಗುತ್ತದೆ. ಅವನ ಹಣ ಸಿಕ್ಕಿತು. ಆದರೆ ಆ ಎರಡು ವಾರ ಅವನು ಪರೀಕ್ಷಾ ಶುಲ್ಕಕ್ಕೆ ಗೆಳೆಯರ ಹತ್ತಿರ ಕೈಚಾಚಿದ್ದ, ಅದು ನನಗೆ ಮರೆಯುವುದಿಲ್ಲ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಡಿಬಿಟಿ ಕರ್ನಾಟಕ ಎಂಬ ಆ್ಯಪ್‌ನಲ್ಲಿ ಹಣ ಯಾವ ಖಾತೆಗೆ ಹೋಯಿತೆಂದು ತಿಳಿಯುತ್ತದೆ. ನೋಡಲು ಐದು ನಿಮಿಷ ಸಾಕು.

ಬೇರೆ ಬಾಗಿಲುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ 20ರೊಳಗೆ ಬಂದವರಿಗೆ ಕೇಂದ್ರ ವಲಯದ ವೇತನವಿದೆ: ದೇಶಕ್ಕೆ ವರ್ಷಕ್ಕೆ 82,000 ಹೊಸ ವೇತನ, ಅರ್ಧ ಹೆಣ್ಣುಮಕ್ಕಳಿಗೆ, ಆದಾಯ ಮಿತಿ 4.5 ಲಕ್ಷ. ಪದವಿಯ ಮೂರು ವರ್ಷಕ್ಕೆ ತಲಾ 12,000, ಸ್ನಾತಕೋತ್ತರದ ಎರಡು ವರ್ಷಕ್ಕೆ ತಲಾ 20,000. ಐದು ವರ್ಷಕ್ಕೆ 76,000. ಪ್ರತಿವರ್ಷ ನವೀಕರಿಸಬೇಕು, ಶೇ 50 ಅಂಕ, ಶೇ 75 ಹಾಜರಿ ಬೇಕು. ಇದನ್ನು ಪಡೆಯುವವರು ಬೇರೆ ಸರ್ಕಾರಿ ವೇತನ ತೆಗೆದುಕೊಳ್ಳುವಂತಿಲ್ಲ, ಆದ್ದರಿಂದ ಯಾವುದು ಹೆಚ್ಚು ಎಂದು ಮೊದಲೇ ಕೂಡಿ ಕಳೆದು ನೋಡಬೇಕು. ತಾಂತ್ರಿಕ ಪದವಿ, ಡಿಪ್ಲೊಮಾ ಓದುವ ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000. ನಾಲ್ಕು ವರ್ಷದ ಎಂಜಿನಿಯರಿಂಗಿಗೆ 2 ಲಕ್ಷ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ, ಆದಾಯ ಮಿತಿ 8 ಲಕ್ಷ. ಇವೆರಡಕ್ಕೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಒಮ್ಮೆ ನೋಂದಾಯಿಸಿ 14 ಅಂಕಿಯ ಸಂಖ್ಯೆ ಪಡೆಯಬೇಕು. ಸಿಇಟಿ ಬರೆದವರು ಎಸ್‌ಎನ್‌ಕ್ಯೂ ಸೀಟುಗಳನ್ನು ಮರೆಯಬಾರದು: ಎಂಜಿನಿಯರಿಂಗಿನಲ್ಲಿ ಮಂಜೂರಾದ ಸೀಟಿನ ಮೇಲೆ ಶೇ 5ರಷ್ಟಕ್ಕೆ ಬೋಧನಾ ಶುಲ್ಕವಿಲ್ಲ, 60 ಸೀಟಿನ ವಿಭಾಗದಲ್ಲಿ ಮೂರು. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000. ಅರ್ಜಿಗೆ ಒಂದು ಪೈಸೆಯೂ ಕೊಡಬೇಕಿಲ್ಲ. ಪರಿಶಿಷ್ಟ ಜಾತಿಯವರು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನವಿದೆ: ದ್ವಿತೀಯ ಪಿಯುಸಿಗೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯಕ್ಕೆ 35,000. ಫಲಿತಾಂಶ ಬಂದು ಕಾಲೇಜು ಬಿಟ್ಟ ಮೇಲೆ ಹಾಕಬೇಕಾದ ಅರ್ಜಿಯಾದ್ದರಿಂದ ಬಹಳ ಮಕ್ಕಳು ಇದನ್ನು ಕೈಬಿಡುತ್ತಾರೆ.

ವೃತ್ತಿಪರ ಕೋರ್ಸಿಗೆ ಇಷ್ಟು ಸಾಲದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಸಾಮಾನ್ಯ ಓದಿಗೆ ಒಬ್ಬ ವಿದ್ಯಾರ್ಥಿಯ ವಾರ್ಷಿಕ ಖರ್ಚು ಸರಾಸರಿ 8,331 ರೂಪಾಯಿ ಇದ್ದರೆ, ತಾಂತ್ರಿಕ, ವೃತ್ತಿಪರ ಓದಿಗೆ 50,307 ಇತ್ತು. ಆರು ಪಟ್ಟು. ಅಲ್ಲಿಗೆ ಬ್ಯಾಂಕಿನ ಸಾಲ ಬರುತ್ತದೆ, ಅಲ್ಲೇ ಒಂದು ಕಾಗದಕ್ಕೆ ಅತಿ ಹೆಚ್ಚು ಬೆಲೆ.

ನಾಲ್ಕು ವರ್ಷದ ಎಂಜಿನಿಯರಿಂಗಿಗೆ ವರ್ಷಕ್ಕೆ ಒಂದು ಲಕ್ಷದಂತೆ 4 ಲಕ್ಷ ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವಂತಿಲ್ಲ. ಕೋರ್ಸಿನ ಅವಧಿ ಮತ್ತು ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಲೆಕ್ಕಕ್ಕೆ ಶೇ 10ರ ಸರಳ ಬಡ್ಡಿ ಎನ್ನೋಣ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000, ಒಟ್ಟು 1.4 ಲಕ್ಷ. ಮೊದಲ ಕಂತಿನ ದಿನ ಸಾಲ 5.4 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು 7,136 ರೂಪಾಯಿ.

ಮನೆಯ ಆದಾಯ 4.5 ಲಕ್ಷದೊಳಗಿದ್ದು, ಕೋರ್ಸು ವೃತ್ತಿಪರವಾಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆಯಿದ್ದರೆ ಆ ಐದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಪೂರ್ತಿ ಕಟ್ಟುತ್ತದೆ. ಆಗ ಕಂತು 4 ಲಕ್ಷಕ್ಕೆ ಮಾತ್ರ, ತಿಂಗಳಿಗೆ 5,286. ವ್ಯತ್ಯಾಸ 1,850. ನೂರಿಪ್ಪತ್ತು ತಿಂಗಳಿಗೆ 2,22,000 ರೂಪಾಯಿ. ಇದಕ್ಕೆ ಬೇಕಾದದ್ದು ಅಧಿಕೃತ ಆದಾಯ ಪ್ರಮಾಣಪತ್ರ, ಸಕಾಲದ ಅರ್ಜಿ, ಓದನ್ನು ನಡುವೆ ಬಿಡದಿರುವುದು. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಓದುವವರಿಗೆ, ಆದಾಯ 8 ಲಕ್ಷದವರೆಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಇದೇ ಅವಧಿಯಲ್ಲಿ ಶೇ 3ರ ಬಡ್ಡಿ ರಿಯಾಯಿತಿ ಕೊಡುತ್ತದೆ. ಬ್ಯಾಂಕಿಗೆ ಹೋಗುವ ಮುಂಚೆ ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದ, ಅಲ್ಪಸಂಖ್ಯಾತರು ತಮ್ಮ ಅಭಿವೃದ್ಧಿ ನಿಗಮದ ಅರಿವು ಸಾಲವನ್ನು ವಿಚಾರಿಸಬೇಕು. ಅಲ್ಲಿ ಬಡ್ಡಿ ಶೇ 2.

2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲೇಜು ವಯಸ್ಸಿನ ನೂರು ಜನಕ್ಕೆ ದಾಖಲಾತಿ 36.2, ದೇಶದ ಸರಾಸರಿ 28.4. ಲಕ್ಷ ಯುವಜನರಿಗೆ 66 ಕಾಲೇಜು, ದೇಶದಲ್ಲೇ ಹೆಚ್ಚು. ಇಷ್ಟು ಕಾಲೇಜು ಕಟ್ಟಿದ ನಾಡು ಆದಾಯ ಮಿತಿಯನ್ನು ಕೂಲಿಯ ಜೊತೆ ಏರಿಸಲು, ಮೊದಲ ಕಂತನ್ನು ಮೊದಲ ತಿಂಗಳಲ್ಲೇ ಹಾಕಲು ದನಿಯೆತ್ತಬೇಕು. ಮೊದಲನೆಯದು ದೆಹಲಿಯಲ್ಲಿ ಆಗಬೇಕು, ಎರಡನೆಯದು ವಿಧಾನಸೌಧದಲ್ಲೇ ಆಗುವಂಥದ್ದು. ಪ್ರತಿ ಕಾಲೇಜಿನಲ್ಲಿ ಅರ್ಜಿಯ ತಿಂಗಳಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ತಾಳ್ಮೆಯ ಒಬ್ಬ ಅಧ್ಯಾಪಕರಿದ್ದರೆ ಮಕ್ಕಳ ಸೈಬರಿನ ಖರ್ಚಾದರೂ ಉಳಿಯುತ್ತದೆ.

ನಿಮ್ಮ ಮನೆಯಲ್ಲಿ ಈ ವರ್ಷ ದ್ವಿತೀಯ ಪಿಯುಸಿ ಓದುವ ಮಗುವಿದ್ದರೆ ಫಲಿತಾಂಶಕ್ಕೆ ಕಾಯಬೇಡಿ. ಆದಾಯ ಪ್ರಮಾಣಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಅದರ ಮೇಲಿನ ತಾರೀಕನ್ನು ಇವತ್ತೇ ನೋಡಿ. ಐದು ವರ್ಷ ಆಗಿದ್ದರೆ ನಾಳೆಯೇ ನಾಡಕಚೇರಿಗೆ ಹೋಗಿ ಬನ್ನಿ.